ಬೇಲಿಯ ಸಂದಿಯಿಂದ ಬಂದ ಮಾರ್ಕ್ಸ್ ಕಾರ್ಡು

ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ನಮ್ಮ ಹಿತ್ತಿಲಿಗೂ ಪಕ್ಕದ ಮನೆಯ ಹಿತ್ತಿಲಿಗೂ ನಡುವೆ ಆರಡಿ ಎತ್ತರದ ಮರದ ಬೇಲಿ. ಅದರ ಒಂದು ಹಲಗೆ ಹೋದ ಮಳೆಗಾಲದಲ್ಲಿ ಬಿದ್ದುಹೋಯಿತು. ಹೊಸದು ಹಾಕಿಸೋಣ ಅಂತ ಇಬ್ಬರಿಗೂ ಅನ್ನಿಸಲಿಲ್ಲ. ಆ ಸಂದಿಯಿಂದಲೇ ಕರಿಬೇವು ಆ ಕಡೆ ಹೋಗುತ್ತದೆ, ನಿಂಬೆಹಣ್ಣು ಈ ಕಡೆ ಬರುತ್ತದೆ. ಮೊನ್ನೆ ಭಾನುವಾರ ಬಂದದ್ದು ಮಾತ್ರ ಪ್ಲಾಸ್ಟಿಕ್ ಕವರಿನೊಳಗಿನ ಒಂದು ಹಳೆಯ ಕಾಗದ. ಸೆಕೆಂಡ್ ಪಿಯುಸಿ ಮಾರ್ಕ್ಸ್ ಕಾರ್ಡು. ಗಣಿತದಲ್ಲಿ 38.

‘ಇದನ್ನಿಟ್ಟುಕೊಂಡು ಬರ್ಕ್ಲಿಗೆ ಅರ್ಜಿ ಹಾಕ್ತೀನಿ ಅಂದ್ರೆ ಯಾರಾದ್ರೂ ನಗಲ್ವಾ?’ ಅಂದರು ಪಕ್ಕದ ಮನೆಯವರು.

ವಿರಾಜಪೇಟೆಯ ಕಡೆಯವರು. ಮನೆಮಾತು ಕೊಡವ ತಕ್ಕ್. ಪಿಯುಸಿ ಫಲಿತಾಂಶ ಬಂದ ವರ್ಷವೇ ಮದುವೆಯಾಯಿತು, ಓದು ಅಲ್ಲಿಗೇ ನಿಂತಿತು. ಈಗ ಅವರಿಗೆ 39, ಗ್ರೀನ್ ಕಾರ್ಡ್ ಕೈಗೆ ಬಂದು ಒಂದು ವರ್ಷವಾಗಿದೆ. ದೊಡ್ಡ ಮಗಳು ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆಗೆ ಓದುತ್ತಿದ್ದಾಳೆ. ಒಂದು ಮಧ್ಯಾಹ್ನ ಅವಳ ಪುಸ್ತಕ ತೆಗೆದು, ಅಡುಗೆಮನೆಯ ಗಡಿಯಾರ ಮುಂದಿಟ್ಟುಕೊಂಡು ಇವರೂ ಒಂದು ಅಭ್ಯಾಸ ಪರೀಕ್ಷೆ ಬರೆದರಂತೆ. 1600ಕ್ಕೆ 890. ‘ಉತ್ತರಗಳನ್ನೆಲ್ಲ ಅಳಿಸಿಟ್ಟೆ, ಮಗಳಿಗೆ ಗೊತ್ತಾಗದ ಹಾಗೆ’ ಅಂದಾಗ ಅವರ ದನಿ ಇಳಿದುಹೋಯಿತು.

ಆ ದನಿ ನನಗೆ ಚೆನ್ನಾಗಿ ಗೊತ್ತು. ನಾನೂ 36ರಲ್ಲಿ ಕ್ಯುಪರ್ಟಿನೊದ ಡಿ ಆಂಜಾ ಸಮುದಾಯ ಕಾಲೇಜಿಗೆ ಸೇರಿ, ಅಲ್ಲಿಂದ ಸಾಂಟಾ ಕ್ರೂಜ್‌ಗೆ ಹೋಗಿ, 17ನೇ ಹೆದ್ದಾರಿಯ ತಿರುವುಗಳಲ್ಲಿ ಬಸ್ಸಿನೊಳಗೆ ಪಾಠ ಓದಿಕೊಂಡು ಡಿಗ್ರಿ ಮುಗಿಸಿದವಳು. ಒಲೆಯ ಮೇಲಿದ್ದ ಹುಳಿ ಇಳಿಸಿ ಬಂದು ಸಂದಿಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತೆ.

ಮೊದಲು ಆ 890ರ ಮಾತು. ಬರ್ಕ್ಲಿಯೂ ಸೇರಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2020ರ ಮೇ ತಿಂಗಳಲ್ಲಿ ಸ್ಯಾಟನ್ನು ಕೈಬಿಡುವ ತೀರ್ಮಾನ ಮಾಡಿದರು, 2021ರ ಹೊತ್ತಿಗೆ ಪೂರ್ತಿ ಬಿಟ್ಟೇಬಿಟ್ಟರು. ಬೇಕಿದ್ದರೆ ಕೊಡಿ ಅನ್ನುವ ಲೆಕ್ಕವಲ್ಲ; ಸೀಟು ಕೊಡುವಾಗ ಆ ಅಂಕವನ್ನು ಅವರು ನೋಡುವುದೇ ಇಲ್ಲ. ಪೂರ್ವ ಕರಾವಳಿಯಲ್ಲಿ ಗಾಳಿ ತಿರುಗಿದೆ. ಎಂಐಟಿ 2022ರಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು, 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್ ಕೂಡ ಅದೇ ದಾರಿ ಹಿಡಿದವು. ಹಾಗಂತ ಆ ಕಡೆ ವಯಸ್ಸಾದವರಿಗೆ ಬಾಗಿಲೇ ಇಲ್ಲ ಅಂತಲ್ಲ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಲಂಬಿಯಾ ವಿಶ್ವವಿದ್ಯಾಲಯ 1947ರಲ್ಲಿ ಜನರಲ್ ಸ್ಟಡೀಸ್ ಎಂಬ ಶಾಲೆಯನ್ನೇ ತೆರೆಯಿತು. ಓದು ಬಿಟ್ಟು ವರ್ಷಗಳಾದವರು ಇವತ್ತಿಗೂ ಅಲ್ಲಿ ಸೇರುತ್ತಾರೆ. ಸ್ಮಿತ್ ಕಾಲೇಜು 1975ರಿಂದ ಇಂಥ ಹೆಂಗಸರಿಗೇ ಆಡಾ ಕಾಮ್‌ಸ್ಟಾಕ್ ಹೆಸರಿನ ಯೋಜನೆ ನಡೆಸುತ್ತಿದೆ. ಅವು ಇವೆ ಅನ್ನುವುದೇ ನನಗೆ ಸಂತೋಷ. ಆದರೆ ಇಬ್ಬರು ಮಕ್ಕಳ ಟಿಫಿನ್ ಡಬ್ಬಿ ಕಟ್ಟುವವರಿಗೆ ಅವು ದೂರದ ಊರು.

‘ಅದು ಸರಿ, ಈ 38?’

ಅದನ್ನೂ ಹೇಳಿದೆ. ಇಲ್ಲಿ 1960ರಲ್ಲಿ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲಾನ್ ಮಾಡಿದರು, ಅದರ ಹಿಂದಿನ ದೊಡ್ಡ ತಲೆ ಕ್ಲಾರ್ಕ್ ಕೆರ್. ಆ ಏರ್ಪಾಡಿನಲ್ಲಿ ಸಮುದಾಯ ಕಾಲೇಜಿನ ಬಾಗಿಲು 18 ತುಂಬಿದ ಯಾರಿಗೂ ಮುಚ್ಚುವುದಿಲ್ಲ. ಅಲ್ಲಿ ಎರಡು ವರ್ಷದ ಓದು ಮುಗಿಸಿದವರು ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ನೇರ ಸೇರಬಹುದು. ಹಾಗೆ ಬರುವವರಲ್ಲಿ ಈ ರಾಜ್ಯದ ಸಮುದಾಯ ಕಾಲೇಜಿನವರಿಗೇ ಮೊದಲ ಮಣೆ. ಆಗ ಅಳೆಯುವುದು ಕಾಲೇಜಿನಲ್ಲಿ ಈಗ ಪಡೆದ ಗ್ರೇಡನ್ನು. 20 ವರ್ಷದ ಹಿಂದೆ, ಹೊರಗೆ ಮದುವೆಯ ಮಾತುಕತೆ ನಡೆಯುತ್ತಿದ್ದಾಗ ಒಳಗೆ ಕೂತು ಬರೆದ ಪರೀಕ್ಷೆಯ ಅಂಕ ಅಲ್ಲಿ ನಿಮಗೆ ಅಡ್ಡ ನಿಲ್ಲುವುದಿಲ್ಲ. ಇದನ್ನು ಹೇಳುವಾಗ ನನಗೇ ಗಂಟಲು ಕಟ್ಟಿತು. ನಮ್ಮೂರಲ್ಲಿ ಸೆಕೆಂಡ್ ಪಿಯು ಅಂಕ ಹಣೆಯಲ್ಲಿ ಬರೆದದ್ದೇನೋ ಎಂಬಂತೆ ಎಷ್ಟು ಹೆಣ್ಣುಮಕ್ಕಳು ಹೊತ್ತು ತಿರುಗಿದರು!

ಹಿಂದೆ ಸಮುದಾಯ ಕಾಲೇಜಿನಲ್ಲೂ ಸೇರುವಾಗಲೇ ಒಂದು ಪರೀಕ್ಷೆಯಿತ್ತು. ಅದರಲ್ಲಿ ಎಡವಿದವರು ಕೆಳಗಿನ ಗಣಿತದಿಂದ ಶುರುಮಾಡಬೇಕು, ಆ ತರಗತಿಗಳು ವರ್ಗಾವಣೆಯ ಲೆಕ್ಕಕ್ಕೂ ಇಲ್ಲ. ಅಲ್ಲೇ ಸುತ್ತಿ ಸುತ್ತಿ ಬಿಟ್ಟುಹೋದವರು ಬಹಳ. 2017ರಲ್ಲಿ ಒಂದು ಕಾನೂನು ಬಂದು ಅದಕ್ಕೆ ಕಡಿವಾಣ ಬಿತ್ತು. ಈಗ ಅಂಕಿಅಂಶ ಶಾಸ್ತ್ರದ ತರಗತಿಗೇ ನೇರ ಕೂರಬಹುದು. ವಿಶ್ವವಿದ್ಯಾಲಯ ಕೇಳುವ ಗಣಿತಕ್ಕೆ ಅದು ಸಾಕು.

ಉಳಿದ ಲೆಕ್ಕ ಇಷ್ಟೇ ಅಂದೆ. ಡಿ ಆಂಜಾದಲ್ಲಿ ವರ್ಷಕ್ಕೆ ಮೂರು ಕ್ವಾರ್ಟರ್. ಒಟ್ಟು 90 ಯೂನಿಟ್ ಬೇಕು, ಇಲ್ಲಿನ ನಿವಾಸಿಗಳಿಗೆ ಯೂನಿಟ್ಟಿಗೆ 31 ಡಾಲರ್. ಇಂಗ್ಲಿಷ್ ಬರವಣಿಗೆ ಎರಡು, ಗಣಿತ ಒಂದು, ಬೇರೆ ಬೇರೆ ವಿಷಯಗಳಿಂದ ಇನ್ನು ನಾಲ್ಕು ಕೋರ್ಸು ತಪ್ಪಿಸುವ ಹಾಗಿಲ್ಲ. ಮನೆ ನೋಡಿಕೊಂಡು ಕ್ವಾರ್ಟರಿಗೆ ಎರಡೇ ತೆಗೆದುಕೊಂಡರೆ ಮೂರು ವರ್ಷದ ಮೇಲಾಗುತ್ತದೆ. ಅವಸರ ಮಾಡಿ ನಾಲ್ಕು ತೆಗೆದುಕೊಂಡು ಗ್ರೇಡ್ ಕೆಡಿಸಿಕೊಳ್ಳಬೇಡಿ, ಬರ್ಕ್ಲಿಗೆ ಆ ಗ್ರೇಡೇ ಜೀವಾಳ.

ಬರ್ಕ್ಲಿಯೇ ಯಾಕೆ ಅಂತ ನಾನು ಕೇಳಿರಲಿಲ್ಲ. ಹೆಸರಿಗೋಸ್ಕರ ಇರಬಹುದು ಅಂದುಕೊಂಡಿದ್ದೆ. ಅವರು ಒಳಗೆ ಹೋಗಿ ನಾಲ್ಕು ನೋಟ್‌ಬುಕ್ ತಂದರು. ರಟ್ಟಿನ ಮೇಲೆ ಅರಿಶಿನದ ಕಲೆ. ಒಳಗೆಲ್ಲ ಕೊಡವ ಪದಗಳು: ಐನ್‌ಮನೆಯ ಮೂಲೆಮೂಲೆಯ ಹೆಸರು, ಪುತ್ತರಿಯ ದಿನ ಆಡುವ ಮಾತು, ಕಾಫಿ ಕೊಯ್ಲಿನ ಮಾತು, ಮಳೆಯ ಬಗೆಗಳು. ಒಂಬತ್ತು ವರ್ಷದಿಂದ ಅತ್ತೆಗೆ ಫೋನ್ ಮಾಡಿ ಕೇಳಿ ಕೇಳಿ ಬರೆದದ್ದು, ತಾರೀಖಿನ ಸಮೇತ. ಯಾರೋ ಸಂಬಂಧಿಕರ ಮನೆಯಲ್ಲಿ ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ನಿಘಂಟು ಬಿಡಿಸಿದಾಗ, ಕನ್ನಡ, ತಮಿಳು, ತುಳು ಪದಗಳ ಸಾಲಿನಲ್ಲಿ ತಮ್ಮ ಮನೆಯ ಮಾತು ಅಚ್ಚಾಗಿದ್ದುದನ್ನು ಕಂಡರಂತೆ. ‘ನಮ್ಮ ಭಾಷೆಗೂ ಪುಸ್ತಕದಲ್ಲಿ ಜಾಗ ಇದೆ ಅಂತ ಅವತ್ತೇ ಗೊತ್ತಾಗಿದ್ದು’ ಅಂದರು. ಮರ್ರಿ ಎಮೆನೋ 1930ರ ದಶಕದಲ್ಲಿ ನೀಲಗಿರಿಯಲ್ಲಿ ತೊದವ, ಕೋತ ಭಾಷೆಗಳನ್ನು ಕಲಿತು, ಕೊಡಗಿಗೂ ಬಂದು ಅಲ್ಲಿನ ಭಾಷೆಯ ಮೇಲೆ ಕೆಲಸ ಮಾಡಿದವರು. 1953ರಲ್ಲಿ ಬರ್ಕ್ಲಿಯ ಭಾಷಾಶಾಸ್ತ್ರ ವಿಭಾಗ ಕಟ್ಟಿದವರೂ ಅವರೇ. 101 ವರ್ಷ ಬದುಕಿ 2005ರಲ್ಲಿ ತೀರಿಕೊಂಡರು. ಇವರಿಗೆ ಬೇಕಾದದ್ದು ಆ ವಿಭಾಗದಲ್ಲಿ ಒಂದು ಬೆಂಚು.

ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

‘ಇದನ್ನು ಅರ್ಜಿಯಲ್ಲಿ ಬರೆಯೋ ಹಾಗಿದೆಯಾ? ಅಡುಗೆಮನೆ ನೋಟ್‌ಬುಕ್ ಇದು’ ಅಂತ ಅವರು ಕೇಳಿದಾಗ ನನಗೆ ಸಿಟ್ಟೇ ಬಂತು. ಅವರ ಮೇಲಲ್ಲ, ಇಂಥ ಕೆಲಸವನ್ನು ಕೆಲಸ ಅಂತ ಒಬ್ಬರೂ ಅವರಿಗೆ ಹೇಳಿಲ್ಲವಲ್ಲ, ಅದಕ್ಕೆ. ಆ ಅರ್ಜಿಯಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಬರೆಯಬೇಕು, ಒಂದೊಂದಕ್ಕೂ 350 ಪದದ ಮಿತಿ. ನಾನು ಮೊದಲ ಸಲ ಬರೆದ ಕರಡಿನಲ್ಲಿ ಕ್ಷಮಾಪಣೆ ಬಿಟ್ಟರೆ ಏನೂ ಇರಲಿಲ್ಲ: ಮದುವೆಯಾಯಿತು, ಮಕ್ಕಳಾದರು, ವೀಸಾ ಇರಲಿಲ್ಲ, ಅಂಕ ಕಡಿಮೆ. ಕಾಲೇಜಿನ ಸಲಹೆಗಾರ್ತಿ ಅದನ್ನು ಪಕ್ಕಕ್ಕಿಟ್ಟು, ಓದು ಬಿಟ್ಟಿದ್ದ ಆ ಹದಿನೈದು ವರ್ಷ ನೀವು ಏನು ಮಾಡಿದಿರಿ ಅಂತ ಮಾತ್ರ ಕೇಳಿದರು. ಮಾವನವರ ಡಯಾಲಿಸಿಸ್ ಲೆಕ್ಕ ಇಟ್ಟದ್ದು, ಆಸ್ಪತ್ರೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೇಳಿದ್ದು, ಎಲ್ಲ ಬರೆದೆ. ಅದೇ ನನ್ನ ಅರ್ಜಿಯಾಯಿತು. ನಿಮ್ಮ ಒಂಬತ್ತು ವರ್ಷದ ಈ ನೋಟ್‌ಬುಕ್ಕುಗಳ ಮುಂದೆ ನಾನು ಬರೆದದ್ದು ಏನೂ ಅಲ್ಲ ಅಂದೆ.

ಬರ್ಕ್ಲಿ ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳಲಿಲ್ಲ, ಹೇಳಬಾರದು. ಚೆನ್ನಾಗಿ ಓದಿದವರನ್ನೂ ಅಲ್ಲಿ ಬಿಡುತ್ತಾರೆ. ಅದಕ್ಕೇ ಟ್ಯಾಗ್ ಬಗ್ಗೆ ತಿಳಿಸಿದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಅದೇ ವಿಶ್ವವಿದ್ಯಾಲಯದ ಈ ಆರು ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಸೆಪ್ಟೆಂಬರ್‌ನಲ್ಲಿ ಮೊದಲೇ ಅರ್ಜಿ ಹಾಕಿ, ಕೇಳಿದಷ್ಟು ಗ್ರೇಡ್ ಇಟ್ಟುಕೊಂಡರೆ ಸೀಟು ಖಾತ್ರಿ. ಸಾಂಟಾ ಕ್ರೂಜ್‌ನಲ್ಲೂ ಒಳ್ಳೆಯ ಭಾಷಾಶಾಸ್ತ್ರ ವಿಭಾಗವಿದೆ. ಅದನ್ನು ಕೈಯಲ್ಲಿಟ್ಟುಕೊಂಡು ಬರ್ಕ್ಲಿಗೂ ಹಾಕಿ. ಅಲ್ಲಿ 25 ದಾಟಿದ ವಿದ್ಯಾರ್ಥಿಗಳಿಗೆ ಬೇರೆ ಹೆಸರೇ ಇದೆ, ರೀ-ಎಂಟ್ರಿ ಅನ್ನುತ್ತಾರೆ, ಅವರನ್ನು ನೋಡಿಕೊಳ್ಳಲೆಂದೇ ಒಂದು ಕಾರ್ಯಕ್ರಮವೂ ಇದೆ. ಮಗಳ ವಯಸ್ಸಿನವರ ನಡುವೆ ನೀವೊಬ್ಬರೇ ಕೂರುವುದಿಲ್ಲ.

ಮಾರ್ಕ್ಸ್ ಕಾರ್ಡನ್ನು ಕವರಿಗೆ ಹಾಕಿ ಹಿಂದಕ್ಕೆ ಕೊಟ್ಟೆ. ಅವರು ಅದನ್ನು ನೋಡದೆ ನಿಂಬೆಹಣ್ಣಿನ ಬುಟ್ಟಿಯಲ್ಲಿಟ್ಟರು. ಅಂಕಿಅಂಶದ ತರಗತಿ ಸಂಜೆ ಇರುತ್ತದಾ, ಚಿಕ್ಕವನ ಈಜು ಮುಗಿಯುವುದು ಆರಕ್ಕೆ, ಅಂತ ಕೇಳಿದರು. ಇರುತ್ತದೆ, ನಾಳೆ ಇಬ್ಬರೂ ಕೂತು ನೋಡೋಣ ಅಂದೆ. ಮಳೆಯ ಪದಗಳಿದ್ದ ನೋಟ್‌ಬುಕ್ ಓದಲು ಕೇಳಿದಾಗ ಒಂದು ಕ್ಷಣ ಯೋಚಿಸಿ ಸಂದಿಯಿಂದ ದಾಟಿಸಿದರು.

‘ಎಂಟಕ್ಕೆ ಮುಂಚೆ ವಾಪಸ್ ಬೇಕು. ಅಲ್ಲಿ ಬೆಳಗಾಗಿರುತ್ತೆ, ಅತ್ತೆ ಫೋನ್ ಕಾಯ್ತಾ ಇರ್ತಾರೆ.’