ನೋಡಿಯೂ ನೋಡದ ಸಜ್ಜನರಿಗೆ ಒಂದು ಬಹಿರಂಗ ಪತ್ರ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಸಮಸ್ತ ದಾರಿಹೋಕ ಮಹನೀಯರಿಗೂ ಮಹಿಳೆಯರಿಗೂ ಸಾದರ ನಮಸ್ಕಾರಗಳು.

ಈ ಪತ್ರ ಬರೆಯಲು ಕಾರಣವೇನೆಂದರೆ, ನಿಮಗೆ ಸಲ್ಲಬೇಕಾದ ಹೊಗಳಿಕೆ ಇದುವರೆಗೆ ಸಂದಿಲ್ಲ. ರಸ್ತೆಯಲ್ಲಿ ಅಡಿಕೆ ಚೀಲವೊಂದು ಬಿದ್ದಿದ್ದರೆ ನೀವು ನಿಲ್ಲುತ್ತೀರಿ, ಯಾರದ್ದೆಂದು ವಿಚಾರಿಸುತ್ತೀರಿ, ಚಾಲಿಯೋ ರಾಶಿಯೋ ಎಂದು ಮುಟ್ಟಿಯೂ ನೋಡುತ್ತೀರಿ. ಅದೇ ಜಾಗದಲ್ಲಿ ನಾಲ್ಕು ವರ್ಷದ ಮಗುವೊಂದು ಒಂಟಿಯಾಗಿ ನಿಂತಿದ್ದರೆ ಮಾತ್ರ, ಪರರ ಸ್ವತ್ತನ್ನು ಮುಟ್ಟಬಾರದೆಂಬ ಶಾಸ್ತ್ರ ನೆನಪಾಗಿ ಮುಂದೆ ನಡೆಯುತ್ತೀರಿ.

ಈ ಸಂಯಮ ಋಷಿಮುನಿಗಳಿಗೂ ಸಿದ್ಧಿಸಿರಲಿಲ್ಲ. ಕಣ್ವರು ಕಾಡಿನಲ್ಲಿ ಹಕ್ಕಿಗಳ ನಡುವೆ ಮಲಗಿದ್ದ ಶಿಶುವನ್ನು ಕಂಡು ತಡೆಯಲಾರದೆ ಎತ್ತಿಕೊಂಡೇಬಿಟ್ಟರು. ಜನಕರಾಜ ನೇಗಿಲ ಸಾಲಿನಲ್ಲಿ ಸಿಕ್ಕಿದ್ದನ್ನು ಸೀದಾ ಅರಮನೆಗೆ ಒಯ್ದ. ಆ ದಾರಿಯಲ್ಲಿ ಅವರ ಬದಲು ನೀವು ಹಾದುಹೋಗಿದ್ದರೆ, “ಯಾರದ್ದೋ ಏನೋ, ಬರ್ತಾರೆ ಬಿಡು” ಎಂದು ಚಪ್ಪಲಿ ಸರಿಮಾಡಿಕೊಂಡು ಹೊರಟುಬಿಡುತ್ತಿದ್ದಿರಿ. ಆಗ ಶಕುಂತಲೆಯೂ ಇಲ್ಲ, ಸೀತೆಯೂ ಇಲ್ಲ. ನಮ್ಮ ಯಕ್ಷಗಾನ ಮೇಳಗಳು ರಾತ್ರಿಯಿಡೀ ಏನಾಡಬೇಕೆಂದು ತಿಳಿಯದೆ ಹತ್ತು ಗಂಟೆಗೇ ಮಂಗಳ ಹಾಡುತ್ತಿದ್ದವು.

ನಿಮ್ಮ ಸಾಧನೆಯನ್ನು ಪೂರ್ತಿ ನೋಡಬೇಕೆಂದರೆ ಶಿರಸಿಯ ಮಾರಿಜಾತ್ರೆಗೇ ಬರಬೇಕು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಗುಡಿ ಬಿಟ್ಟು, ರಥವೇರಿ, ಬಿಡಕಿಬೈಲಿನ ಗದ್ದುಗೆಗೆ ಬರುತ್ತಾಳೆ. 2024ರ ಮಾರ್ಚಿನಲ್ಲೂ ಬಂದಿದ್ದಳು. ಅವಳ ಹಿಂದೆಯೇ ಘಟ್ಟದ ಮೇಲಿನವರು, ಕೆಳಗಿನವರು, ಬಯಲುಸೀಮೆಯವರು. ಉಡಿ ತುಂಬಿಸುವವರ ಸಾಲು, ಬಳೆ ಅಂಗಡಿ, ಬೆಂಡು-ಬತ್ತಾಸು, ಮಿರ್ಚಿ ಭಜಿಯ ಹೊಗೆ, ಆಕಾಶಕ್ಕೇರುವ ತೊಟ್ಟಿಲು, ನಾಟಕದ ಟೆಂಟು. ಇವುಗಳ ನಡುವೆ ಒಂದು ಪುಟ್ಟ ಕೈ ಒಂದು ದೊಡ್ಡ ಕೈಯಿಂದ ಜಾರಿಹೋಗಲು ಪೀಪಿ ಮಾರುವವನೊಬ್ಬ ಅಡ್ಡ ಬಂದರೆ ಸಾಕು.

ತಪ್ಪಿಸಿಕೊಂಡ ಮಗು ಕೂಡಲೇ ಅಳುವುದಿಲ್ಲ, ಇದನ್ನು ನೀವು ಗಮನಿಸಿರಬಹುದು. ಅದು ಮೊದಲು ನಿಲ್ಲುತ್ತದೆ. ಅದರ ಕಣ್ಣಿನ ಎತ್ತರದಲ್ಲಿ ಮುಖಗಳೇ ಇಲ್ಲ. ಇರುವುದು ಸೀರೆಯ ನೆರಿಗೆ, ಪಂಚೆಯ ಅಂಚು, ಪ್ಲಾಸ್ಟಿಕ್ ಚೀಲ. ಗುರುತಿನ ಬಣ್ಣದ ಸೀರೆ ಕಂಡಲ್ಲಿಗೆ ನಾಲ್ಕು ಹೆಜ್ಜೆ ಓಡುತ್ತದೆ, ಸೆರಗು ಹಿಡಿದು ಮೇಲೆ ನೋಡುತ್ತದೆ, ಮುಖ ಬೇರೆ. ಸೆರಗು ಬಿಟ್ಟು ಮತ್ತೊಂದು ಸೀರೆಯತ್ತ ಹೊರಳುತ್ತದೆ. ಇಷ್ಟು ಹೊತ್ತೂ ಅದು ಸದ್ದು ಮಾಡದಿರುವುದರಿಂದ ನಿಮ್ಮ ಮನಸ್ಸಿಗೆ ಯಾವ ತೊಂದರೆಯೂ ಆಗುವುದಿಲ್ಲ. ಅಳು ಶುರುವಾದ ಮೇಲೆ ಮಾತ್ರ ನಿಮ್ಮಲ್ಲಿ ದಯಾಳುಗಳಾದವರು ಬಗ್ಗಿ ವಿಚಾರಣೆ ಆರಂಭಿಸುತ್ತಾರೆ.

“ಯಾರ ಮನೆ ಮಾಣಿನೋ ನೀನು?”

ಬಿಕ್ಕಳಿಕೆ.

“ಆಯಿ ಹೆಸ್ರು ಎಂತ ತಮಾ?”

“ಆಯಿ.”

“ಅಪ್ಪಂದು?”

“ಅಪ್ಪ.”

“ಯಾವೂರು?”

“ನಮ್ಮೂರು.”

ಮೂರೂ ಉತ್ತರ ಸರಿಯಾಗಿಯೇ ಇವೆ. ಆದರೆ ಅವುಗಳಿಂದ ಮಗು ಹೆಗಡೆಯವರದ್ದೋ, ನಾಯ್ಕರದ್ದೋ, ಶೇಟರದ್ದೋ, ನಮ್ಮ ಅತ್ತಿಗೆಯ ತವರಿನ ಕಡೆಯದ್ದೋ ಎಂಬುದು ಹೊರಡದ ಕಾರಣ ನಿಮ್ಮ ಆಸಕ್ತಿ ಅಲ್ಲಿಗೇ ಬತ್ತುತ್ತದೆ. ನಮ್ಮ ಸೀಮೆಯ ಹಳೆಯ ವ್ಯವಸ್ಥೆಯೇ ಹಾಗಿತ್ತು. ಕೇರಿಯ ಮಗುವನ್ನು ಕೇರಿಯೇ ಗದರುತ್ತಿತ್ತು, ಕೇರಿಯೇ ಕರೆದು ದೋಸೆ ಹಾಕುತ್ತಿತ್ತು, ಯಾಕೆಂದರೆ ಯಾರ ಮನೆಯದ್ದೆಂದು ಕೇರಿಗೆ ಗೊತ್ತಿತ್ತು. ಈಗ ಯಲ್ಲಾಪುರದ ಸಂತೆಯಲ್ಲಿ ತಪ್ಪಿಸಿಕೊಂಡ ಮಗು ಗೌಳಿಗರದ್ದಾದರೆ ಮರಾಠಿಯಲ್ಲಿ ಅಳುತ್ತದೆ, ಸಿದ್ದಿಯರದ್ದಾದರೆ ಕೊಂಕಣಿಯಲ್ಲಿ, ಕಟ್ಟಡ ಕೆಲಸಕ್ಕೆ ಉತ್ತರದಿಂದ ಬಂದವರದ್ದಾದರೆ ಹಿಂದಿಯಲ್ಲಿ. ವಂಶಾವಳಿ ಸಿಗದ ಅಳುವಿಗೆ ನಾವು ಜವಾಬ್ದಾರರಲ್ಲ ಎಂಬ ನಿಮ್ಮ ನಿಲುವು ಕಚೇರಿಯ ಕಡತಕ್ಕೆ ಏರಿಸುವಷ್ಟು ಅಚ್ಚುಕಟ್ಟಾಗಿದೆ.

ನಿಮ್ಮಲ್ಲೇ ಇನ್ನೊಂದು ಪಂಗಡ ಸುಮ್ಮನಿರುವುದಿಲ್ಲ, ಕೂಡಲೇ ಮೊಬೈಲು ತೆಗೆಯುತ್ತದೆ. ಮಗುವಿನ ಕಣ್ಣೀರು, ಮೂಗು, ಅಂಗಿಯ ಬಣ್ಣ ಎಲ್ಲವೂ “ದಯವಿಟ್ಟು ಶೇರ್ ಮಾಡಿ” ಎಂಬ ಒಕ್ಕಣೆಯೊಂದಿಗೆ ಊರೂರಿನ ವಾಟ್ಸಾಪ್ ಗ್ರೂಪುಗಳಿಗೆ ಹೊರಡುತ್ತವೆ. ಮಗುವಿನ ಆಯಿ ಎರಡು ಅಂಗಡಿ ಆಚೆಗೇ ಹುಡುಕುತ್ತಿರುತ್ತಾಳೆ. ಆಕೆಗೆ ಆ ಹೊತ್ತು ವಾಟ್ಸಾಪ್ ನೋಡುವ ಪುರುಸೊತ್ತಿರುವುದಿಲ್ಲ. ಮಗು ಮನೆ ಸೇರಿ, ಉಂಡು, ಮಲಗಿ, ಶಾಲೆಗೂ ಸೇರಿದ ಮೇಲೂ ಅದರ ಅಳುಮುಖ ಗ್ರೂಪಿನಿಂದ ಗ್ರೂಪಿಗೆ ಅಲೆಯುತ್ತಲೇ ಇರುತ್ತದೆ. ನಿಮ್ಮ ಉಪಕಾರ ಅಷ್ಟು ದೀರ್ಘಾಯುಷಿ.

ನಿಮ್ಮ ಹಿಂಜರಿಕೆಗೆ ಒಂದು ಗಟ್ಟಿ ಕಾರಣ ಇದೆಯೆಂಬುದನ್ನು ಇಲ್ಲಿ ವ್ಯಂಗ್ಯ ಬದಿಗಿಟ್ಟು ಹೇಳಬೇಕು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಅದೇ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪು ದಾರಿಯಲ್ಲಿ ಸಿಕ್ಕ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಸುದ್ದಿ ವಾಟ್ಸಾಪಿನಲ್ಲಿ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಅಡ್ಡಗಟ್ಟಿದ ಜನರ ಹೊಡೆತಕ್ಕೆ ಅವರಲ್ಲೊಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂದು ಮಿತಿ ಹಾಕಿತು.

ಅಂದಿನಿಂದ ಅಳುವ ಮಗುವಿನ ಕೈ ಹಿಡಿಯುವ ಮೊದಲು ಬುದ್ಧಿವಂತರು ತಮ್ಮ ಮುಖ, ಭಾಷೆ, ಗಡ್ಡ, ವೇಷಗಳನ್ನೊಮ್ಮೆ ನೆನೆದುಕೊಳ್ಳುತ್ತಾರೆ. ಮಗು ಒಂಟಿಯಾಗಿ ಅತ್ತಾಗ ತಿರುಗಿಯೂ ನೋಡದ ಜನ, ಪರಊರಿನವನೊಬ್ಬ ಅದನ್ನು ಎತ್ತಿಕೊಂಡ ಕ್ಷಣದಲ್ಲಿ ನೂರಾರು ಸಂಖ್ಯೆಯಲ್ಲಿ ಮಕ್ಕಳ ಹಿತಚಿಂತಕರಾಗುವುದು ನಮ್ಮ ಕಾಲದ ಪವಾಡ. ಮಗುವನ್ನು ಕಾಯಲು ಬಾರದ ಗುಂಪಿಗೆ ಕಾದವನನ್ನು ಹಿಡಿಯಲು ಮಾತ್ರ ಎಲ್ಲಿಲ್ಲದ ಹುರುಪು.

ಇಷ್ಟೆಲ್ಲ ಓದಿ, ನಾಳೆಯಿಂದ ಕಂಡ ಕಂಡ ಮಗುವನ್ನೆಲ್ಲ ಹಿಡಿದು ಠಾಣೆಗೆ ಒಯ್ಯುವ ಉತ್ಸಾಹ ಬಂದರೆ ಸ್ವಲ್ಪ ತಡೆಯಿರಿ. ಮಲೆನಾಡಿನಲ್ಲಿ ಒಂಟಿಯಾಗಿರುವ ಮಗುವೆಲ್ಲ ದಿಕ್ಕುತಪ್ಪಿದ ಮಗುವಲ್ಲ. ಬೆನ್ನಿಗೆ ಚೀಲ ಏರಿಸಿ, ಕೈಯಲ್ಲಿನ ಕೋಲಿನಿಂದ ದಾರಿಬದಿಯ ಮಟ್ಟಿಗಳಿಗೆಲ್ಲ ಬಾರಿಸುತ್ತ, ತೋಟದ ಸಂಕ ದಾಟಿ ಶಾಲೆಗೆ ಹೊರಟ ಮಗುವಿಗೆ ದಾರಿ ನಿಮಗಿಂತ ಚೆನ್ನಾಗಿ ಗೊತ್ತು. 1997ರಲ್ಲಿ ಡೆನ್ಮಾರ್ಕಿನ ತಾಯಿಯೊಬ್ಬಳು ತನ್ನೂರಿನ ರೂಢಿಯಂತೆ ಮಗುವಿನ ಗಾಡಿಯನ್ನು ನ್ಯೂಯಾರ್ಕಿನ ಹೋಟೆಲೊಂದರ ಹೊರಗೆ ನಿಲ್ಲಿಸಿ ಒಳಗೆ ಕೂತಿದ್ದಕ್ಕೆ ಆಕೆಯನ್ನು ಬಂಧಿಸಿದರು, ಮಗುವನ್ನು ಕೆಲ ದಿನ ಬೇರೆಯವರ ಪಾಲನೆಗೆ ಒಪ್ಪಿಸಿದರು. ಅತ್ತ ಜಪಾನಿನಲ್ಲಿ ಪುಟ್ಟ ಮಕ್ಕಳು ಮೊದಲ ಬಾರಿಗೆ ಒಂಟಿಯಾಗಿ ಅಂಗಡಿಗೆ ಹೋಗಿಬರುವುದನ್ನೇ 1991ರಿಂದ ಟೀವಿಯಲ್ಲಿ ತೋರಿಸುತ್ತಿದ್ದಾರೆ. ಅಲ್ಲಿ ಮಗು ನಿಶ್ಚಿಂತೆಯಿಂದ ಹೋಗಿಬರುವುದು ಅದರ ಜಾಣ್ಮೆಯೊಂದರಿಂದಲೇ ಅಲ್ಲ. ಅಂಗಡಿಯವರು, ನೆರೆಯವರು ಕೆಲಸ ಬಿಡದೆಯೇ ಒಂದು ಕಣ್ಣಿಟ್ಟಿರುತ್ತಾರೆ. ನಡೆಯುವ ಮಗುವನ್ನು ನಡೆಯಬಿಡಿ, ನಿಂತು ಸುತ್ತ ನೋಡುವ ಮಗುವಿನ ಬಳಿ ನಿಲ್ಲಿ. ಇಷ್ಟು ಭೇದ ತಿಳಿಯಲು ಮನಃಶಾಸ್ತ್ರದ ಪದವಿ ಬೇಡ.

ನೀರಿನ ಬಳಿ ಮಾತ್ರ ಈ ಭೇದವೂ ಬೇಡ. ಜೋಗದಲ್ಲಿ ಅಪ್ಪ-ಅಮ್ಮ ರಾಜಾ-ರಾಣಿ ಧಾರೆಗಳಿಗೆ ಬೆನ್ನು ಮಾಡಿ ಸೆಲ್ಫಿಗೆ ಮುಖ ಹೊಂದಿಸುತ್ತಿರುವಾಗ ಮಗು ಕಟಾಂಜನ ಏರುತ್ತಿರುತ್ತದೆ. ಕೆಳಗೆ 253 ಮೀಟರ್. ಯಲ್ಲಾಪುರದ ಸಾತೊಡ್ಡಿಯಲ್ಲಿ ದೊಡ್ಡವರು ಜಲಪಾತದ ಬುಡದಲ್ಲಿ ಮೈಮರೆತಿರುವಾಗ ಮಗು ಪಾಚಿಗಟ್ಟಿದ ಬಂಡೆಯ ಮೇಲಿರುತ್ತದೆ. ಅಲ್ಲಿಯೂ ನೀವು, “ಅವರ ಮಗು, ಅವರಿಗೆ ಗೊತ್ತಿರುತ್ತದೆ” ಎಂದು ಶಿಷ್ಟಾಚಾರ ಕಾಯುತ್ತೀರಿ. ಮೊದಲು ರಟ್ಟೆ ಹಿಡಿಯಿರಿ, ಆಮೇಲೆ ಪರಿಚಯ ಮಾಡಿಕೊಳ್ಳಿ. ಬೈದರೆ ಬೈಸಿಕೊಳ್ಳಿ. ಬೈಗುಳ ತಿಂದು ಯಾರೂ ಹೊಳೆಯಲ್ಲಿ ತೇಲಿಹೋಗಿಲ್ಲ.

ನಿಮ್ಮ ಸಂಯಮಕ್ಕೆ ಸರಕಾರ ಕೊಟ್ಟಿರುವ ಮನ್ನಣೆಯನ್ನೂ ತಿಳಿಸಬೇಕು. 2015ರ ಬಾಲನ್ಯಾಯ ಕಾಯ್ದೆಯ 32ನೇ ಕಲಮಿನ ಪ್ರಕಾರ, ಕಳೆದುಹೋದ ಅಥವಾ ಬಿಟ್ಟುಹೋದ ಮಗುವೊಂದು ನಿಮ್ಮ ಕೈಗೆ ಸಿಕ್ಕರೆ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿಗೋ, ಹತ್ತಿರದ ಪೊಲೀಸ್ ಠಾಣೆಗೋ, ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಲೇಬೇಕು. ತಿಳಿಸದಿರುವುದು ಅಪರಾಧ: ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಸಹಾಯವಾಣಿಯ ಸಂಖ್ಯೆ 1098. 1996ರಲ್ಲಿ ಮುಂಬೈಯಲ್ಲಿ ಶುರುವಾದದ್ದು, ಈಗ ದೇಶಕ್ಕೆಲ್ಲ ಒಂದೇ. ಹಗಲು-ರಾತ್ರಿ ನಡೆಯುತ್ತದೆ, ಕರೆಗೆ ಕಾಸಿಲ್ಲ. ತುರ್ತಿಗೆ 112 ಇದ್ದೇ ಇದೆ. ಅಂದರೆ ನೀವು ಜೀವಮಾನವಿಡೀ ತಪ್ಪಿಸಿಕೊಂಡು ಬಂದ ತಂಟೆ ಕಾನೂನಿನ ಪುಸ್ತಕದಲ್ಲಿ ನಿಮ್ಮ ಹೆಸರಿಗೇ ಬರೆದಿಟ್ಟಾಗಿದೆ.

ನಿಮ್ಮಿಂದ ನಾನು ಬೇಡುವುದು ನಿಮ್ಮ ಸ್ವಭಾವಕ್ಕೆ ಹೊಂದುವ ಕೆಲಸವನ್ನೇ. ನಿಲ್ಲಿ, ಅಷ್ಟೇ. ಮಗುವನ್ನು ಎತ್ತಿಕೊಂಡು ನಾಲ್ಕು ಓಣಿ ಸುತ್ತಬೇಡಿ. ಅದರ ಆಯಿ ಕೈ ತಪ್ಪಿದ ಜಾಗಕ್ಕೇ ತಿರುಗಿ ಬರುತ್ತಾಳೆ, ನೀವು ಅಷ್ಟರೊಳಗೆ ತೊಟ್ಟಿಲಿನ ಆಚೆಗಿರುತ್ತೀರಿ. ಒಬ್ಬರೇ ನಿಲ್ಲಬೇಡಿ, ಪಕ್ಕದ ಬಳೆ ಅಂಗಡಿಯ ಅಕ್ಕನನ್ನು ಕರೆಯಿರಿ. ಅಂಗಡಿ ಬಿಟ್ಟು ಆಕೆ ಎಲ್ಲಿಗೂ ಓಡಲಾರಳು, ಇಬ್ಬರು ನಿಂತಲ್ಲಿ ಮಕ್ಕಳ ಕಳ್ಳನೆಂಬ ಕೂಗೂ ಏಳಲಾರದು. ಒಬ್ಬರು ಪೊಲೀಸರಿಗೋ ಮೈಕಿನವರಿಗೋ ಸುದ್ದಿ ಮುಟ್ಟಿಸಿ. ಮೈಕಿನಲ್ಲಿ ಎಲ್ಲ ಗುರುತನ್ನೂ ಕೂಗಿಸಬೇಡಿ. ಅಂಗಿಯ ಬಣ್ಣ ಹೇಳಿದರೆ ಕಾಲಿನ ಗೆಜ್ಜೆಯ ವಿಷಯ ಉಳಿಸಿಕೊಳ್ಳಿ. “ನನ್ನ ಮಗು” ಎನ್ನುತ್ತ ಬಂದವರು ಗೆಜ್ಜೆಯ ವಿಷಯ ತಾವೇ ಹೇಳಲಿ. ಮಗು ಅವರನ್ನು ಕಂಡು ಓಡುತ್ತದೋ, ನಿಮ್ಮ ಹಿಂದೆ ಸರಿಯುತ್ತದೋ ನೋಡಿ. ಅನುಮಾನ ಬಂದರೆ ಪೊಲೀಸರೆದುರೇ ಒಪ್ಪಿಸಿ.

ಕೊನೆಯದಾಗಿ, ನಿಮಗೆ ಅತ್ಯಂತ ಪ್ರಿಯವಾದ ಘಟ್ಟದ ಬಗ್ಗೆ. ಆಯಿ ಓಡೋಡಿ ಬರುತ್ತಾಳೆ, ಕೆದರಿದ ಕೂದಲು, ಜಾರಿದ ಸೆರಗು. ಮಗುವಿಗೆ ಮೊದಲು ಒಂದು ಏಟು, ಆಮೇಲೆ ಅಪ್ಪುಗೆ. ಅಷ್ಟು ಹೊತ್ತು ಮೌನವಾಗಿದ್ದ ಗುಂಪಿಗೆ ಆಗ ಬಾಯಿ ಬರುತ್ತದೆ: “ಹೆತ್ತರೆ ಆಯ್ತಾ? ನೋಡಿಕೊಳ್ಳೋದು ಬೇಡ್ವಾ?” ಅಪ್ಪನೂ ಪಕ್ಕದಲ್ಲೇ ನಿಂತಿರುತ್ತಾನೆ, ಅವನಿಗೆ ಈ ಪ್ರಶ್ನೆಯಿಂದ ಯಾವತ್ತೂ ವಿನಾಯಿತಿ. ಈ ಭಾಷಣವನ್ನು ದಯವಿಟ್ಟು ಮುಂದಿನ ಜಾತ್ರೆಗೆ ಉಳಿಸಿಕೊಳ್ಳಿ. ಅದರ ಬದಲು ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದು ಮಗುವಿನ ಕಿಸೆಗೆ ಹಾಕುವಂತೆ ಹೇಳಿ. ಪೆನ್ನು ನಿಮ್ಮದೇ ಇರಲಿ.

ಇಂತಿ ನಿಮ್ಮ ಸಂಯಮದ ಅಭಿಮಾನಿ,
ನಿಮ್ಮಂತೆಯೇ ಒಬ್ಬ ದಾರಿಹೋಕ

ವಿ.ಸೂ.: ಈ ಪತ್ರವನ್ನು ಹನ್ನೊಂದು ಗ್ರೂಪುಗಳಿಗೆ ಕಳಿಸಿದರೆ ಸಂಜೆಯೊಳಗೆ ಶುಭವಾರ್ತೆ ಬರುತ್ತದೆಂಬ ಭರವಸೆಯೇನೂ ಇಲ್ಲ. ಕಳಿಸುವ ಹೊತ್ತಿನಲ್ಲಿ 1098ನ್ನು ಮೊಬೈಲಿಗೆ ಸೇರಿಸಿಕೊಳ್ಳಿ. ಏನೆಂದು ಹೆಸರು ಹಾಕುವುದೆಂಬ ಚಿಂತೆಯಾದರೆ, “ಯಾರ ಮನೆ ಮಾಣಿ” ಎಂದೇ ಹಾಕಿ.