ಗಾಡಿಯ ಮೇಲೆ ಗಾಡಿ: ಬಳಕೆದಾರರ ಕೈಪಿಡಿ

(ಜೋಡೆತ್ತಿನ ಗಾಡಿಯನ್ನು ಕ್ಯಾಂಟರಿಗೆ ಹೇರಿ ಕೆಂಗಲ್ ದನಗಳ ಜಾತ್ರೆಗೆ ಒಯ್ಯುವವರಿಗೆ ಮಾತ್ರ)

ಎತ್ತಿನ ಗಾಡಿಯ ಮಾಲೀಕರಾದ ತಮಗೆ ಅಭಿನಂದನೆಗಳು. ಈ ಮಾದರಿಯನ್ನು ತಯಾರಿಸಿದ ಆಚಾರಿ ತೀರಿಹೋಗಿ ಬಹಳ ಕಾಲವಾಗಿರುವುದರಿಂದ ಗ್ಯಾರಂಟಿ ಕಾರ್ಡ್ ಲಗತ್ತಿಸಿಲ್ಲ. ಸರ್ವಿಸ್ ಸೆಂಟರ್ ಇಲ್ಲ. ಬಿಡಿಭಾಗ ಬೇಕಾದರೆ ಪಕ್ಕದೂರಿನ ಹಿತ್ತಿಲಲ್ಲಿ ಕೋಳಿ ಮಲಗುತ್ತಿರುವ ಹಳೇ ಗಾಡಿಯೊಂದನ್ನು ಪತ್ತೆ ಮಾಡಿಕೊಳ್ಳತಕ್ಕದ್ದು. ಕೈಪಿಡಿಯನ್ನು ಪೂರ್ತಿ ಓದದೆ ಗಾಡಿಗೆ ಕೈ ಹಾಕಬೇಡಿ.

ಗಾಡಿ ಇರುವುದೇ ಸಾಮಾನು ಹೇರಲಿಕ್ಕೆ, ಗಾಡಿಯನ್ನೇ ಹೇರುವುದೇನು ಬಂತು ಎಂದು ನೆಂಟರು ನಗುತ್ತಾರೆ. ಅವರಿಗೆ ಅಮೆರಿಕದ ಕಥೆ ಹೇಳಿ. ಅಲ್ಲಿ ಅಡುಗೆಮನೆ, ಮಂಚ, ಕಕ್ಕಸು ಎಲ್ಲವನ್ನೂ ಒಂದೇ ಬಸ್ಸಿನೊಳಗೆ ಕಟ್ಟಿಕೊಂಡು ಊರೂರು ತಿರುಗುವ ಜನ ಇದ್ದಾರೆ. ಅದಕ್ಕೆ ಮೋಟರ್‌ಹೋಮ್ ಎನ್ನುತ್ತಾರೆ. ಬಿಡಾರ ಹೂಡಿದ ಮೈದಾನದಲ್ಲಿ ಆ ಕಡೆಯಿಂದ ಈ ಕಡೆಗೆ ಅಡ್ಡಾಡಲು ಗಾಲ್ಫ್ ಆಟದ ಬ್ಯಾಟರಿ ಗಾಡಿಯೊಂದನ್ನು ಟ್ರೇಲರಿಗೆ ಹತ್ತಿಸಿ ಹಿಂದೆ ಎಳೆದುಕೊಂಡು ಹೋಗುತ್ತಾರೆ. ಬಕೆಟ್ಟು ಹಿಡಿದು ನಲ್ಲಿಯವರೆಗೆ ಹೋಗಿಬರಲು ನಾಲ್ಕೈದು ನೂರು ಕಿಲೋ ತೂಕದ ಗಾಡಿಯನ್ನು ನೂರಾರು ಮೈಲಿ ಹೊರುವುದು!

ಅಷ್ಟು ದೂರ ಯಾಕೆ, ಬಿಡದಿಯ ಹತ್ತಿರ ಹೆದ್ದಾರಿ ಪಕ್ಕ ನಿಂತು ನೋಡಲಿ. ಅಲ್ಲಿನ ಟೊಯೋಟ ಕಾರ್ಖಾನೆ 1999ರ ಕೊನೆಯಿಂದ ವಾಹನ ತಯಾರಿಸುತ್ತಿದೆ. ಹೊಸ ಕಾರುಗಳು ತಮ್ಮ ಮೊದಲ ಪ್ರಯಾಣವನ್ನು ಉದ್ದನೆಯ ಟ್ರೇಲರ್ ಲಾರಿಯ ಹೊಟ್ಟೆಯೊಳಗೆ ಸಾಲಾಗಿ ನಿಂತು ಮುಗಿಸುತ್ತವೆ. ಓಡಲೆಂದೇ ಹುಟ್ಟಿದ ಕಾರು ಲಾರಿ ಹತ್ತಿದರೆ ಯಾರೂ ನಗುವುದಿಲ್ಲ. ನಿಮ್ಮ ಗಾಡಿಗೂ ಅದೇ ಮರ್ಯಾದೆ ಸಲ್ಲಬೇಕು.

ಅಸಲಿ ಕಾರಣ ಬೇರೆ ಇದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರು ಬರುವಂತಿಲ್ಲ. ಮೋಟರಿಲ್ಲದ ಯಾವ ವಾಹನವೂ ಬರುವಂತಿಲ್ಲ. ಅಂದರೆ ಎತ್ತು ಕಟ್ಟಿದ ಗಾಡಿ ಅಲ್ಲಿ ಕಾಲಿಟ್ಟರೆ ತಪ್ಪು. ಅದೇ ಗಾಡಿಯ ಚಕ್ರ ಬಿಚ್ಚಿ ಕ್ಯಾಂಟರಿನಲ್ಲಿ ಮಲಗಿಸಿದಿರೋ, ಅದು ಆಗ ವಾಹನವಲ್ಲ, ಸರಕು. ಸರಕಿಗೆ ಆರು ಪಥವೂ ತೆರೆದಿದೆ. ಟೋಲ್ ಕಟ್ಟಿದರೆ ಸಲಾಂ ಕೂಡ ಸಿಗುತ್ತದೆ. ಕೆಂಗಲ್ಲಿಗೆ ಹಳೇ ರಸ್ತೆಯಲ್ಲೇ ಹೋಗಬಹುದಲ್ಲ ಎನ್ನುವಿರಾದರೆ, ಹೋಗಬಹುದು. ಮಾಗಡಿಯವರೂ ಕನಕಪುರದವರೂ ರಾಮನಗರಕ್ಕೆ ಬಂದು ಚನ್ನಪಟ್ಟಣದ ದಿಕ್ಕು ಹಿಡಿದರೆ ಸಾಕು. ಬಸ್ಸಿನ ಹಾರನ್ನು ಕಿವಿಯ ಪಕ್ಕದಲ್ಲೇ ಕೂಗಿದರೂ ಬೆಚ್ಚದ ಜೋಡಿ ನಿಮ್ಮಲ್ಲಿದ್ದರೆ ಈ ಕೈಪಿಡಿ ಮುಚ್ಚಿಟ್ಟು ಗಾಡಿ ಕಟ್ಟಿ. ಉಳಿದವರು ಮುಂದೆ ಓದಿ.

ಜೊತೆಗೆ ಬರುವ ಸಾಮಗ್ರಿ

ಗಾಡಿ ಒಂದು. ಚಕ್ರ ಎರಡು. ನೊಗ ಒಂದು. ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿ ಎರಡು (ಒಂದು ಸಿಗುವುದಿಲ್ಲ). ಕೀಲೆಣ್ಣೆಯ ಡಬ್ಬಿ ಒಂದು. ಹಳ್ಳಿಕಾರ್ ಎತ್ತು ಒಂದು ಜೋಡಿ. ಈ ತಳಿಗೆ 2000ನೇ ಇಸವಿಯಲ್ಲಿ ಅಂಚೆ ಇಲಾಖೆ ಸ್ಟಾಂಪು ಹೊರಡಿಸಿದೆ, ಆದ್ದರಿಂದ ಏಕವಚನದಲ್ಲಿ ಮಾತಾಡಿಸುವಾಗ ಎಚ್ಚರ ಇರಲಿ. ಇವುಗಳ ಜೊತೆಗೆ ಪ್ರತಿ ಗಾಡಿಗೂ ಒಬ್ಬ ತಾತ ಉಚಿತ. ತಾತ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ. ಜಗಲಿಯ ಮೇಲೆ ಕೂತು ಪ್ರತಿ ಐದು ನಿಮಿಷಕ್ಕೊಮ್ಮೆ "ಹಂಗಲ್ಲ ಕಣ್ಲಾ" ಅನ್ನುವುದು ಅವರ ಕೆಲಸ. ಈ ಭಾಗವನ್ನು ಆಫ್ ಮಾಡಲು ಗುಂಡಿ ಇರುವುದಿಲ್ಲ. ಮಾಡಲೂ ಬಾರದು, ಯಾಕೆಂದರೆ ಹತ್ತರಲ್ಲಿ ಎಂಟು ಸಲ ಅವರು ಹೇಳುವುದೇ ಸರಿ.

ವಾಹನದ ಆಯ್ಕೆ

2005ರಲ್ಲಿ ಬಂದ ಟಾಟಾ ಏಸ್ ನಮ್ಮ ಕಡೆಯ ರೇಷ್ಮೆಗೂಡು, ತೆಂಗಿನಕಾಯಿ, ಮಾವು, ಶಾಮಿಯಾನ, ಮದುವೆ ಪಾತ್ರೆ ಎಲ್ಲವನ್ನೂ ಹೊತ್ತಿದೆ. ಆ ಧೈರ್ಯದಲ್ಲಿ ಗಾಡಿಯನ್ನೂ ಅದಕ್ಕೇ ಹತ್ತಿಸಲು ಹೋಗಬೇಡಿ. ಅದರ ತೊಟ್ಟಿ ಏಳಡಿ ಚಿಲ್ಲರೆ ಉದ್ದ. ಗಾಡಿಯ ಮೈ ಹೇಗೋ ಕೂತೀತು, ನೊಗದವರೆಗೆ ಚಾಚುವ ಮೂಕಿ ಕೂರುವುದಿಲ್ಲ. ಮುಂದಕ್ಕೆ ಇಟ್ಟರೆ ಡ್ರೈವರನ ನೆತ್ತಿಯ ಮೇಲಿಂದ ಹಾದು ದಾರಿ ತೋರಿಸುತ್ತಾ ಹೋಗುತ್ತದೆ, ಹಿಂದಕ್ಕೆ ಇಟ್ಟರೆ ಹಿಂದೆ ಬರುವ ಕಾರಿನವನನ್ನು ಹೆಸರು ಹಿಡಿದು ಕರೆಯುತ್ತದೆ. ತುದಿಗೆ ಕೆಂಪು ಬಟ್ಟೆ ಕಟ್ಟಿದ್ದೇನಲ್ಲ ಸಾರ್ ಎಂಬ ವಾದ ಈಗ ನಡೆಯುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸರಕು ವಾಹನದ ಮೈಯಿಂದ ಆಚೆಗೆ ಚಾಚಿಕೊಂಡಿದ್ದರೆ ದಂಡ 20,000 ರೂಪಾಯಿ. ಚಾಚಿದ್ದನ್ನು ಇಳಿಸುವ ಖರ್ಚೂ ನಿಮ್ಮದೇ. ಗಾಡಿ ಮಾರಿದರೂ ಅಷ್ಟು ಹುಟ್ಟುತ್ತದೋ ಇಲ್ಲವೋ, ಯೋಚಿಸಿ. ಹದಿನೇಳು ಅಡಿಯ ಕ್ಯಾಂಟರನ್ನೇ ಮಾತಾಡಿ.

ಹೊಸಬರು ಮೊದಲು ಚನ್ನಪಟ್ಟಣದಲ್ಲಿ ಆಲೆಮರದಿಂದ ಕಡೆದು ಅರಗಿನ ಬಣ್ಣ ಹಚ್ಚಿದ ಆಟದ ಗಾಡಿಯನ್ನು ಚೀಲಕ್ಕೆ ಹಾಕಿ ಅಭ್ಯಾಸ ಮಾಡಿಕೊಳ್ಳಬಹುದು. ಒಬ್ಬನೇ, ಒಂದೇ ಕೈಯಲ್ಲಿ ಸಾಗಿಸಬಹುದಾದ ಎತ್ತಿನ ಗಾಡಿ ಅದೊಂದೇ.

ಹೇರುವ ಕ್ರಮ

ಕ್ಯಾಂಟರು ಅಂಗಳಕ್ಕೆ ಬಂದು ನಿಂತ ಕೂಡಲೇ ಹುರುಪಿನ ಹುಡುಗರು ನಾಲ್ಕು ಮೂಲೆ ಹಿಡಿದು "ಐಸಾ" ಅನ್ನುತ್ತಾರೆ. ತಡೆಯಿರಿ. ಗಾಡಿಯನ್ನು ಎತ್ತಿ ಲಾರಿಗೆ ಹಾಕಬಾರದು, ಲಾರಿಯನ್ನು ಗಾಡಿಯ ಮಟ್ಟಕ್ಕೆ ಇಳಿಸಬೇಕು. ಅದಕ್ಕೆ ಯಂತ್ರ ಬೇಡ, ದಿಬ್ಬ ಸಾಕು. ಕೆರೆ ಏರಿಯ ಪಕ್ಕ, ರಸ್ತೆ ಕೊರೆದ ಕಡೆ, ಹೊಲದ ಎತ್ತರದ ಬದುವಿನ ಬುಡದಲ್ಲಿ ಇಂಥ ಜಾಗ ಪ್ರತಿ ಊರಿಗೂ ಒಂದು ಇದೆ. ಕ್ಯಾಂಟರನ್ನು ಹಿಂದಕ್ಕೆ ತಂದು ಹಿಂಬಾಗಿಲು ದಿಬ್ಬಕ್ಕೆ ತಾಗುವಂತೆ ನಿಲ್ಲಿಸಿದರೆ ತೊಟ್ಟಿಯ ತಳ ಮತ್ತು ನೆಲ ಒಂದೇ ಸಮ. ನಡುವೆ ಉಳಿಯುವ ಗೇಣಗಲದ ಸಂದಿಗೆ ಹಲಗೆ ಹಾಕಿ. ದನ ಹತ್ತಿಸಲು, ಇಳಿಸಲು ಊರಿನವರು ಮಾಡಿಕೊಂಡು ಬಂದ ಉಪಾಯ ಇದು. ರಿವರ್ಸ್ ಬರುವ ಹೊತ್ತಿಗೆ ಹಿಂದೆ ಕನಿಷ್ಠ ಐದು ಜನ ನಿಂತು "ಬರ್ಲಿ, ಬರ್ಲಿ" ಎನ್ನುವುದು ಕಡ್ಡಾಯ. "ಸ್ಟಾಪ್" ಅನ್ನುವ ಜವಾಬ್ದಾರಿಯನ್ನು ಮಾತ್ರ ಒಬ್ಬನಿಗೇ ವಹಿಸಿ.

ಗಾಡಿ ದಿಬ್ಬದ ಮೇಲೆ ಬಂದ ಮೇಲೆ ಅಚ್ಚಿನ ಕೆಳಗೆ ಜಾಕ್ ಕೊಡಿ, ಇಲ್ಲವೇ ಕಲ್ಲು ಪೇರಿಸಿ. ಸುತ್ತಿಗೆಯ ಹಿಂಬದಿಯಿಂದ ತಟ್ಟಿದರೆ ಕಡಾಣಿ ಕದಲುತ್ತದೆ. ತೆಗೆದ ಕಡಾಣಿಯನ್ನು ಜೇಬಿಗೆ ಹಾಕಿಕೊಳ್ಳಿ. ಗಾಡಿಯ ಮೇಲೆ ಇಟ್ಟಿದ್ದು ಯಾರಿಗೂ ಸಿಕ್ಕ ಚರಿತ್ರೆ ಇಲ್ಲ. ಚಕ್ರವನ್ನು ಎಳೆಯುವಾಗ ಗುಂಬದೊಳಗಿಂದ ವರ್ಷಗಟ್ಟಲೆ ಕೂತ ಕೀಲೆಣ್ಣೆ ಕಪ್ಪಗೆ, ದಪ್ಪಗೆ ಅಚ್ಚಿಗೆ ಅಂಟಿಕೊಂಡೇ ಹೊರಬರುತ್ತದೆ. ಹುಲ್ಲಿನ ಚೂರು, ಮರಳು, ಎಂದೋ ಸತ್ತ ಜೀರುಂಡೆ ಎಲ್ಲವೂ ಅದರಲ್ಲಿ. ಜಾತ್ರೆಗೆಂದು ಉಟ್ಟ ಬಿಳಿ ಪಂಚೆಯಲ್ಲಿ ಈ ಕೆಲಸಕ್ಕೆ ನಿಲ್ಲುವವರಿಗೆ ಯಾವ ಸೋಪಿನ ಜಾಹೀರಾತೂ ಸಹಾಯಕ್ಕೆ ಬರುವುದಿಲ್ಲ. ಎದೆಮಟ್ಟ ಬರುವ ಚಕ್ರವನ್ನು ಉರುಳಿಸಿಕೊಂಡು ಹೋಗುವಾಗ ಕಬ್ಬಿಣದ ಪಟ್ಟಿಯ ಕಡೆಗೆ ಬೆರಳು ಕೊಡಬೇಡಿ, ಅರಗಳನ್ನು ಹಿಡಿಯಿರಿ. ಅದನ್ನು ತೊಟ್ಟಿಯ ಪಕ್ಕದ ಗೋಡೆಗೆ ಒರಗಿಸಿ ಕಟ್ಟಿ. ಮೈಯನ್ನು ಗೋಣಿತಾಟಿನ ಮೇಲೆ ಎಳೆದು ಒಳಗೆ ಜಾರಿಸಿ, ಮೂಕಿ ಕ್ಯಾಬಿನ್ನಿನ ಕಡೆಗೆ. ನೊಗ ಕೊನೆಗೆ.

ಇಷ್ಟಾದ ಮೇಲೆ ಡ್ರೈವರ್ ಇಳಿದು ಬಂದು ಹಗ್ಗವನ್ನು ಒಮ್ಮೆ ಜಗ್ಗಿ "ಯಜಮಾನ್ರೇ, ಇದೇನು ಮ್ಯೂಸಿಯಮ್ಗಾ?" ಎಂದು ಕೇಳುತ್ತಾನೆ. ಜಾನಪದ ಲೋಕದ ಮ್ಯೂಸಿಯಂ ಕೆಂಗಲ್ಲಿಗೆ ಹೋಗುವ ಹಳೇ ರಸ್ತೆಯಲ್ಲೇ ಇರುವುದರಿಂದ ಪ್ರಶ್ನೆ ತಪ್ಪಲ್ಲ. ಬಾಡಿಗೆ ಮಾತು ಮುಗಿದಿಲ್ಲವಾದರೆ ನಕ್ಕು ಸುಮ್ಮನಾಗಿ.

ಎತ್ತುಗಳ ವಿಷಯ

ಗಾಡಿ ಒಳಗೆ ಹೋಯಿತು, ಪಕ್ಕದಲ್ಲಿ ಜಾಗವೂ ಇದೆ, ಎತ್ತುಗಳನ್ನೂ ಇಲ್ಲೇ ನಿಲ್ಲಿಸಿದರಾಯಿತು ಎಂದುಕೊಂಡಿರಿ. ಆಗುವುದಿಲ್ಲ. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ದನ ಹೊತ್ತ ಸರಕು ವಾಹನದಲ್ಲಿ ಬೇರೆ ಸರಕು ಇರಕೂಡದು. ಎತ್ತಿನ ಗಾಡಿ ಎಂಬುದು ಎತ್ತಿನ ಮಟ್ಟಿಗೆ ಬೇರೆ ಸರಕು ಹೇಗಾಗುತ್ತದೆ ಎಂದು ತಾತ ಕೇಳುತ್ತಾರೆ. ನಿಯಮ ಬರೆದವರು ಉತ್ತರ ಕೊಟ್ಟಿಲ್ಲ. ಹಾಗಾಗಿ ಎತ್ತುಗಳಿಗೆ ಇನ್ನೊಂದು ಕ್ಯಾಂಟರು.

ಅದೇ ನಿಯಮದಲ್ಲಿ ಇನ್ನೂ ಕೆಲವು ಮಾತಿವೆ. ಒಂದು ವಾಹನದಲ್ಲಿ ಆರಕ್ಕಿಂತ ಹೆಚ್ಚು ದನ ಬೇಡ. ಜೊತೆಗೆ ನೋಡಿಕೊಳ್ಳುವ ಒಬ್ಬ ಆಳಿರಬೇಕು. ಪ್ರಯಾಣಕ್ಕೆ ಯೋಗ್ಯ ಎಂದು ಪಶುವೈದ್ಯರು ಬರೆದುಕೊಟ್ಟ ಪತ್ರ ಇರಬೇಕು. ಕಾಲು ಜಾರದಂತೆ ತಳಕ್ಕೆ ತೆಂಗಿನ ನಾರಿನ ಚಾಪೆಯೋ ಹಲಗೆಯೋ ಹಾಕಬೇಕು. ಎತ್ತು ಆದಷ್ಟೂ ಎಂಜಿನ್ನಿನ ಕಡೆಗೆ ಮುಖ ಮಾಡಿ ನಿಂತಿರಬೇಕು, ಹಾಗೆ ನಿಂತರೆ ಹೆದರುವುದಿಲ್ಲವಂತೆ. ಇವು ತಮಾಷೆಯ ಮಾತಲ್ಲ. ಕೊರಳ ಹಗ್ಗ ಉದ್ದ ಬಿಟ್ಟು ಎತ್ತು ತಿರುವಿನಲ್ಲಿ ಮುಗ್ಗರಿಸಿದರೆ ಮುರಿಯುವುದು ಕೊಂಬು ಅಥವಾ ಕಾಲು, ಎರಡೂ ವಾಪಸ್ ಬರುವುದಿಲ್ಲ. ಪೊಲೀಸರು ಕೈ ಅಡ್ಡ ಹಾಕಿದಾಗ ಡಾಕ್ಟರ ಪತ್ರ ಡ್ರೈವರನ ಬಳಿ ಇರಲಿ, ಮನೆಯ ಬೀರುವಿನಲ್ಲಿ ಬೇಡ. ಚರ್ಮಗಂಟು ರೋಗ ಹರಡಿದ 2022ರಲ್ಲಿ ರಾಜ್ಯದಲ್ಲಿ ದನಗಳ ಸಂತೆ, ಜಾತ್ರೆ, ಸಾಗಣೆಗೇ ತಡೆ ಬಿದ್ದಿತ್ತು. ಹೊರಡುವ ಮುಂಚೆ ಪಶು ಆಸ್ಪತ್ರೆಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ಇನ್ನು ಮನೆಮಂದಿ. ಸರಕು ವಾಹನದ ತೊಟ್ಟಿಯಲ್ಲಿ ಜನ ಕೂರುವಂತಿಲ್ಲ. ಹೆಂಗಸರು ಆಧಾರ್ ಕಾರ್ಡ್ ತೋರಿಸಿ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿಗೆ ಹತ್ತಲಿ. ಗಂಡಸರು ಟಿಕೆಟ್ ತೆಗೆದುಕೊಂಡು ಅದೇ ಬಸ್ಸಿನಲ್ಲಿ ನಿಂತುಕೊಂಡು ಬರಲಿ. ಬೈಕಿನ ಹುಡುಗ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ರಸ್ತೆಯಲ್ಲಿ ಬರಲಿ.

ಲೆಕ್ಕ ಹಾಕಿ ನೋಡಿ: ಗಾಡಿಗೊಂದು ಕ್ಯಾಂಟರು, ಎತ್ತಿಗೊಂದು ಕ್ಯಾಂಟರು, ಸಂಸಾರಕ್ಕೆ ಒಂದು ಬಸ್ಸು, ಹುಡುಗನಿಗೆ ಒಂದು ಬೈಕು. ತಾತನ ಕಾಲದಲ್ಲಿ ಹುಲ್ಲು, ಪಾತ್ರೆ, ಅಕ್ಕಿ, ಅಜ್ಜಿ, ಮಕ್ಕಳು ಎಲ್ಲರೂ ಒಂದೇ ಗಾಡಿಯಲ್ಲಿ ರಾತ್ರಿ ಹೊರಟು ಬೆಳಗಾಗುವಷ್ಟರಲ್ಲಿ ಕೆಂಗಲ್ಲಿನಲ್ಲಿ ಇರುತ್ತಿದ್ದರು. ಎಳೆಯುವವರು ಯಾರು ಎಂಬ ಗೊಂದಲ ಆಗ ಇರಲಿಲ್ಲ. ಪ್ರಗತಿ ಎಂದರೆ ಸಮಯ ಉಳಿಸುವುದು ಎಂದು ಯಾರಾದರೂ ಹೇಳಿದರೆ ಈ ಪುಟ ತೆರೆದು ತೋರಿಸಿ.

ಬಿಡಾರದಲ್ಲಿ ಬಳಕೆ

ಚನ್ನಪಟ್ಟಣ ತಾಲ್ಲೂಕಿನ ವಂದಾರಗುಪ್ಪೆ ಹತ್ತಿರದ ಕೆಂಗಲ್ ಆಂಜನೇಯಸ್ವಾಮಿಯ ಸನ್ನಿಧಿಯಲ್ಲಿ, ಎಲ್ಲರ ಬಾಯಲ್ಲಿ ಅಯ್ಯನಗುಡಿ ಎನಿಸಿಕೊಂಡ ಜಾಗದಲ್ಲಿ, ಸಂಕ್ರಾಂತಿಯ ಆಸುಪಾಸು ದನಗಳ ಜಾತ್ರೆ ಸೇರುತ್ತದೆ. ಮರದ ನೆರಳು ನೋಡಿಕೊಂಡು ಗೂಟ ಹೊಡೆಯಿರಿ. ಖಾಲಿಯಾದ ಕ್ಯಾಂಟರಿಗೆ ಟಾರ್ಪಾಲು ಎಳೆದು ಕಟ್ಟಿದರೆ ಮೋಟರ್‌ಹೋಮ್ ಸಿದ್ಧ. ಮೂರು ಕಲ್ಲಿನ ಒಲೆ ಅದರ ಅಡುಗೆಮನೆ. ಮಾಗಡಿ ಕಡೆಯವರು ಬಂದಿದ್ದರೆ ಸೊಗಡಿನ ಅವರೆಕಾಯಿ ತಂದೇ ಇರುತ್ತಾರೆ, ಹಿದುಕಿದ ಬೇಳೆ ಸಾರಿನ ವಾಸನೆಯ ಜಾಡು ಹಿಡಿದು ಹೋಗಿ ನೆಂಟಸ್ತನ ಹುಡುಕಿಕೊಳ್ಳಿ.

ಇಷ್ಟೆಲ್ಲ ಮಾಡಿ ತಂದ ಗಾಡಿಗೆ ಇಲ್ಲಿ ಏನು ಕೆಲಸ? ನಿಜ ಹೇಳಬೇಕೆಂದರೆ ಅಮೆರಿಕದವನ ಗಾಲ್ಫ್ ಗಾಡಿಗೆ ಇರುವಷ್ಟೇ. ನೀರಿನ ಡ್ರಮ್ಮು ತರುವುದು, ಹುಲ್ಲಿನ ಹೊರೆ ತರುವುದು, ಮಿಕ್ಕ ಹೊತ್ತು ಅದರ ಕೆಳಗೆ ಮಲಗುವುದು. ಆದರೆ ನೊಗ ಹೆಗಲಿಗಿಟ್ಟ ಜೋಡಿ ನಾಲ್ಕು ಹೆಜ್ಜೆ ಒಟ್ಟಿಗೆ ಇಡುವುದನ್ನು ಕೊಳ್ಳುವವನು ಕಣ್ಣಾರೆ ನೋಡಬಹುದು. ಹಲ್ಲು ಎಣಿಸಬಹುದು, ಸುಳಿ ನೋಡಬಹುದು, ನಡಿಗೆಯನ್ನು ಗೂಟಕ್ಕೆ ಕಟ್ಟಿದ ಎತ್ತಿನಲ್ಲಿ ನೋಡಲಾಗುವುದಿಲ್ಲ. ದಲ್ಲಾಳಿ ಟವೆಲ್ ಹೊದಿಸಿ ಬೆರಳು ಹಿಡಿದು ಬೆಲೆ ಕುದುರಿಸುವಾಗ ಆ ನಡಿಗೆಗೆ ಒಂದೆರಡು ಬೆರಳು ಹೆಚ್ಚೇ ಸಿಗುತ್ತದೆ. ಟವೆಲ್ಲಿನ ಒಳಗೆ ಕೈ ಇರುವಾಗ ಮುಖ ಮಾತ್ರ ಆಂಜನೇಯನ ಕಡೆಗಿರಲಿ.

ದೋಷ ಮತ್ತು ಪರಿಹಾರ

ಗಾಡಿ ಕಿರ್ ಎನ್ನುತ್ತದೆ: ಕೀಲೆಣ್ಣೆ. ಕಿರ್ ಎನ್ನುವುದು ನಿಂತಿದೆ, ಗಾಡಿಯೂ ನಿಂತಿದೆ: ಕಡಾಣಿ ನೋಡಿ. ಎತ್ತು ಕ್ಯಾಂಟರ್ ಹತ್ತಲು ಒಲ್ಲೆ ಎನ್ನುತ್ತದೆ: ಹಿಂದಿನಿಂದ ಹೊಡೆಯಬೇಡಿ, ಜೊತೆಗಾರನನ್ನು ಮೊದಲು ಹತ್ತಿಸಿ. ಎತ್ತು ಇಳಿಯಲು ಒಲ್ಲೆ ಎನ್ನುತ್ತದೆ: ಅದಕ್ಕೆ ಲಾರಿ ಹಿಡಿಸಿದೆ, ಇನ್ನು ಗಾಡಿ ಎಳೆಯುವ ಆಸೆ ಬಿಡಿ. ತಾತ ಸಿಕ್ಕುತ್ತಿಲ್ಲ: ಅತಿ ಉದ್ದ ಕೊಂಬಿನ ಜೋಡಿ ಎಲ್ಲಿ ಕಟ್ಟಿದ್ದಾರೋ ಅಲ್ಲಿ ಹುಡುಕಿ.

ಎತ್ತು ಮಾರಾಟವಾಯಿತು: ಇದು ದೋಷವಲ್ಲ, ಜಾತ್ರೆಗೆ ಬಂದದ್ದೇ ಅದಕ್ಕೆ. ಆದರೆ ಜೋಡಿ ಕೊಂಡವನಿಗೆ ಗಾಡಿ ಬೇಕಿರುವುದಿಲ್ಲ, ಎಳೆಯುವವರಿಲ್ಲದ ಗಾಡಿ ನಿಮ್ಮ ಬಳಿಯೇ ಉಳಿಯುತ್ತದೆ. ಜಾತ್ರೆ ಮುಗಿಯುವ ದಿನ ಕೆಂಗಲ್ಲಿನಲ್ಲಿ ಕ್ಯಾಂಟರಿನವರು ಹೇಳಿದ್ದೇ ಬಾಡಿಗೆ. ಆದ್ದರಿಂದ ಊರಲ್ಲಿ ಗೊತ್ತು ಮಾಡುವಾಗಲೇ ಹೋಗುವುದು, ಬರುವುದು ಎರಡನ್ನೂ ಸೇರಿಸಿ ಮಾತಾಡಿ, ಮುಂಗಡ ಮಾತ್ರ ಅರ್ಧ ಕೊಡಿ.