ಅಂಗಡಿಯವರು ಹಾಕಿಕೊಟ್ಟ ವಿಂಡೋಸಿನ ಮಹಿಮೆ

ವೆಬ್ ಡೆವಲಪರ್ ಆಗಲು ಹೊರಟ ಹುಡುಗ ಯಾವ ಆಪರೇಟಿಂಗ್ ಸಿಸ್ಟಂ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಇನ್ನೂ ಬಗೆಹರಿದಿಲ್ಲ. ಸಿಂದಗಿಯಲ್ಲಿ ಎಂದೋ ಬಗೆಹರಿದಿದೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಕಂಪ್ಯೂಟರ್ ಅಂಗಡಿಗೆ ಹೋದರೆ ಅಂಗಡಿಯವರು ಕತ್ತೆತ್ತದೆ ಕೇಳುವುದು ಒಂದೇ ಮಾತು:

"ವಿಂಡೋಸ್ ಹಾಕಬೇಕೇನ್ರಿ?"

"ಹೂಂರಿ ಅಣ್ಣಾರ, ಫೋಟೋಶಾಪ್, ಟ್ಯಾಲಿ, ನುಡಿ ಎಲ್ಲಾ ಹಾಕಿಬಿಡ್ರಿ."

ಒಂದು ಪೆನ್‌ಡ್ರೈವ್, ಒಂದು ತಾಸು, ಒಂದು ಕಪ್ ಚಹಾ. ಲೈಸೆನ್ಸಿನ ಮಾತು ಬರುವುದೇ ಇಲ್ಲ; ಬಂದರೆ ಅದು ಮೋಟರ್ ಸೈಕಲ್‌ದು. ಹಾಕಿಸಿಕೊಂಡ ಪಟ್ಟಿಯಲ್ಲಿ ಕನ್ನಡ ಟೈಪು ಮಾಡುವ ನುಡಿಯೊಂದು ಮಾತ್ರ ಸರ್ಕಾರ ಪುಕ್ಕಟೆ ಕೊಟ್ಟದ್ದು. ಕದಿಯಲು ಬಾರದ ವಸ್ತುವಾದ್ದರಿಂದ ಅದರ ಹೆಸರು ಕಡೆಗೆ ಬರುತ್ತದೆ.

ಇದೇ ಜಿಲ್ಲೆಯ ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಏಳು ಬೇಡಗಳನ್ನು ಹೇಳಿದರು. ಅಂಗಡಿಯ ಗೋಡೆಯ ಮೇಲೆ ಅವರ ಫೋಟೋದ ಕೆಳಗೆ ಏಳೂ ಇರುತ್ತವೆ. ಮೊದಲನೆಯದು ಕಳವಿನ ಬಗ್ಗೆ. ಆದರೆ ಅದು ಹನ್ನೆರಡನೆಯ ಶತಮಾನ, ಪೆನ್‌ಡ್ರೈವ್ ಬಂದಿರಲಿಲ್ಲ. ಹಾಗಾಗಿ ಲ್ಯಾಪ್‌ಟಾಪಿಗೆ ಅನ್ವಯಿಸುವುದಿಲ್ಲ ಎಂಬ ಭಾಷ್ಯವನ್ನು ನಮ್ಮವರು ಯಾರ ಸಹಾಯವೂ ಇಲ್ಲದೆ ಬರೆದುಕೊಂಡಿದ್ದಾರೆ.

ನಮ್ಮ ಅಭಿರುಚಿಯ ಎತ್ತರವನ್ನೂ ಗಮನಿಸಬೇಕು. ಮಾರುವುದನ್ನು ಪುಕ್ಕಟೆ ತರುತ್ತೇವೆ, ಪುಕ್ಕಟೆ ಕೊಡುವುದನ್ನು ಬ್ಯಾಡ ಅನ್ನುತ್ತೇವೆ. ಲಿನಕ್ಸ್ ಎಂಬುದೊಂದಿದೆ. ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಶುರು ಮಾಡಿದ್ದು. ಅದರದೇ ಒಂದು ರೂಪವಾದ ಉಬುಂಟು 2004ರಲ್ಲಿ ಬಂತು, ಮತ್ತು ಅದನ್ನು ಹೊರತಂದ ಕಂಪನಿಯವರು ಕೇಳಿದವರಿಗೆಲ್ಲ ವರ್ಷಗಟ್ಟಲೆ ಸಿಡಿಯನ್ನು ಅಂಚೆ ಖರ್ಚೂ ತಾವೇ ಹಾಕಿಕೊಂಡು ಮನೆಗೆ ಕಳಿಸಿದರು. ಅಂಚೆ ಖರ್ಚನ್ನೂ ತಾನೇ ಕೊಡುವವನ ಮಾಲಿನಲ್ಲಿ ಏನೋ ಐಬು ಇರಲೇಬೇಕು ಎಂದು ಅನುಮಾನಿಸಿದ್ದು ನಮ್ಮ ವಿವೇಕ.

ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸಿನ ಬೀಗ ಮುರಿದ, ವಿಂಡೋಸಿನಿಂದ ಮೊದಲ ದಿನವೇ ಭದ್ರತೆಯ ಪಾಠವಾಗುತ್ತದೆ. ಕ್ರ್ಯಾಕ್ ಓಡಿಸುವ ಮುನ್ನ ಆಂಟಿವೈರಸ್ ಬಂದ್ ಮಾಡಬೇಕು. ಮದುವೆಮನೆಯ ಕಾವಲುಗಾರನನ್ನು ಊಟಕ್ಕೆ ಕಳಿಸಿ ಆಮೇಲೆ ಬಾಗಿಲು ತೆರೆದ ಹಾಗೆ. ಬಳಿಕ ಅಪ್‌ಡೇಟ್ ಬಂದ್. ಇಷ್ಟಾದ ಮೇಲೆ ಫ್ಯಾನು ಹಗಲೂ ರಾತ್ರಿ ಬುಸುಗುಡುತ್ತದೆ; ಒಳಗೆ ಯಾರು ದುಡಿಯುತ್ತಿದ್ದಾರೆ, ಯಾರಿಗಾಗಿ ದುಡಿಯುತ್ತಿದ್ದಾರೆ ಎಂದು ಕೇಳುವುದು ಸೌಜನ್ಯವಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವೈರಸ್ ಜಗತ್ತಿನ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿತಲ್ಲ, ಅದಕ್ಕೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕಳಿಸಿತ್ತು. ಅಪ್‌ಡೇಟ್ ಬಂದ್ ಮಾಡಿದವರು ಆ ತೇಪೆಯ ಕಿರಿಕಿರಿಯಿಂದ ಪಾರಾದರು. ವಿಂಡೋಸ್ 10ಕ್ಕೆ ಬೆಂಬಲ ನಿಲ್ಲುತ್ತದೆ ಎಂದು 2025ರ ಅಕ್ಟೋಬರ್ 14ರ ಹೊತ್ತಿಗೆ ಎಲ್ಲ ಕಡೆ ಗದ್ದಲವಾಯಿತು. ನಮಗೇನೂ ಅನ್ನಿಸಲಿಲ್ಲ. ನಾವದನ್ನು ಹಾಕಿಸಿದ ದಿನವೇ ನಿಲ್ಲಿಸಿದ್ದೆವು.

ವಿಂಡೋಸಿನ ನಿಜವಾದ ದೊಡ್ಡತನ ಕಾಣಬೇಕಾದರೆ ಹುಡುಗ ಮೊದಲ ವೆಬ್‌ಸೈಟ್ ಮಾಡಬೇಕು. ಊರಿನ ಅಡತಿ ಅಂಗಡಿಯದು ಅನ್ನಿ. ಫೋಟೋದ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಿಂದ ಶುರು ಮಾಡಿ ಉಳಿಸಿರುತ್ತಾನೆ, ಕೋಡಿನಲ್ಲಿ ಸಣ್ಣಕ್ಷರ ಬರೆದಿರುತ್ತಾನೆ. ವಿಂಡೋಸ್ ಎರಡೂ ಒಂದೇ ಎಂದು ತಿಳಿದು ಫೋಟೋ ತೋರಿಸುತ್ತದೆ. ಕನ್ನಡ ಲಿಪಿಯಲ್ಲೇ ದೊಡ್ಡಕ್ಷರ ಸಣ್ಣಕ್ಷರ ಎಂಬ ಮೇಲುಕೀಳಿಲ್ಲ. ಸಮಾನತೆ ಸಾರಿದ ನೆಲಕ್ಕೆ ಇದಕ್ಕಿಂತ ಒಪ್ಪುವ ಯಂತ್ರ ಬೇಕೆ? ಆದರೆ ವೆಬ್‌ಸೈಟುಗಳನ್ನು ಇಡುವ ಸರ್ವರುಗಳಲ್ಲಿ ಹೆಚ್ಚಿನವು ಲಿನಕ್ಸಿನವು, ಅವುಗಳಿಗೆ ಈ ಸಂಸ್ಕಾರವಿಲ್ಲ. ದೊಡ್ಡದು ಬೇರೆ, ಸಣ್ಣದು ಬೇರೆ ಎಂದು ಹಟ ಹಿಡಿದು ಫೋಟೋ ಇರಬೇಕಾದಲ್ಲಿ ಖಾಲಿ ಚೌಕ ತೋರಿಸುತ್ತವೆ. ಸಾಹುಕಾರರು ಫೋನ್ ಮಾಡುತ್ತಾರೆ. "ನಮ್ಮ ಮಶೀನಿನ್ಯಾಗ ಕಾಣಸ್ತದಲ್ರೀ ಯಜಮಾನ್ರ" ಎಂದು ಹುಡುಗ ಲ್ಯಾಪ್‌ಟಾಪನ್ನೇ ಹೊತ್ತುಕೊಂಡು ಹೋಗಿ ಗಾದಿಯ ಮೇಲಿಟ್ಟು ತೋರಿಸುತ್ತಾನೆ. ಗಿರಾಕಿಯ ಜೊತೆ ಇಂಥ ಆತ್ಮೀಯ ಸಂಬಂಧವನ್ನು ಯಾವ ಲಿನಕ್ಸ್ ಬೆಳೆಸೀತು?

ಅದೇ ಸೈಟಿನ ಕನ್ನಡವನ್ನೂ ನೋಡಿ. ನುಡಿಯ ಹಳೆಯ ಫಾಂಟಿನಲ್ಲಿ ಟೈಪು ಮಾಡಿ ಹಾಕಿದರೆ ಹುಡುಗನ ಪರದೆಯ ಮೇಲೆ 'ತೊಗರಿ' ಎಂದೇ ಮೂಡುತ್ತದೆ. ಆ ಫಾಂಟ್ ಇಲ್ಲದ ಸಾಹುಕಾರರ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ, ಸೊನ್ನೆ, ಬಾಲದ ಚಿಹ್ನೆಗಳ ಸಾಲು. ಯುನಿಕೋಡಿನಲ್ಲಿ ಬರೆದಿದ್ದರೆ ಯಾರು ಬೇಕಾದರೂ ಓದಬಹುದಿತ್ತು. ಅಡತಿಯ ದರ ಯಾರು ಬೇಕಾದರೂ ಓದುವಂತಿರಬಾರದು ಎಂಬ ವ್ಯಾಪಾರಧರ್ಮವನ್ನು ಹುಡುಗ ತನಗೇ ಗೊತ್ತಿಲ್ಲದೆ ಪಾಲಿಸಿರುತ್ತಾನೆ.

ಮ್ಯಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಲಕ್ಷದ ಮ್ಯಾಕ್ ಎಂದರೆ, 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಪೂರ್ತಿ ಕೈಗೆ ಬಂದರೂ, ಹನ್ನೆರಡೂವರೆ ಕ್ವಿಂಟಲ್ ತೊಗರಿ. ಅಪ್ಪನ ಮುಂದೆ ಈ ಲೆಕ್ಕ ಹೇಳಿದ ಹುಡುಗ ಮರುದಿನ ಹೊಲದಲ್ಲಿರುತ್ತಾನೆ.

ಕನಿಕರ ಪಡಬೇಕಾದದ್ದು ಕಾಸರಗೋಡಿನ ಕನ್ನಡ ಮಕ್ಕಳ ಬಗ್ಗೆ. ಕೇರಳ ಸರ್ಕಾರ ತನ್ನ ಶಾಲೆಗಳಲ್ಲೆಲ್ಲ ಉಬುಂಟು ಆಧಾರಿತ ಲಿನಕ್ಸನ್ನೇ ಇಟ್ಟುಬಿಟ್ಟಿದೆ. ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯಬೇಕು. ಪಾಪ, ಹೈಸ್ಕೂಲು ಮುಗಿಸುವಷ್ಟರಲ್ಲಿ ಕಮಾಂಡ್ ಟೈಪು ಮಾಡುವ ಟರ್ಮಿನಲ್ ಎಂದರೆ ಅವಕ್ಕೆ ಹೆದರಿಕೆಯೇ ಉಳಿದಿರುವುದಿಲ್ಲ. ಕ್ರ್ಯಾಕ್ ಹುಡುಕುವ ಸಾಹಸ, ಪರದೆಯ ಬಲಮೂಲೆಯಲ್ಲಿ ಸಕ್ರಿಯಗೊಳಿಸಿ ಎಂದು ಬೇಡುವ ಮಸುಕಾದ ಬರಹ, ಇದ್ಯಾವುದೂ ಅವರ ಪಾಲಿಗಿಲ್ಲ. ಇತ್ತ ಮೈಕ್ರೋಸಾಫ್ಟ್ ತಾನೇ 2016ರಲ್ಲಿ ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ಏರ್ಪಾಡು ಮಾಡಿತು. ವಿಂಡೋಸ್ ಮಾಡಿದವರೇ ಶರಣಾದರೂ ನಾವು ಬಗ್ಗಿಲ್ಲ.

ಹೊಸದಾಗಿ ಕಲಿಯುವವರಿಗೆ ಒಂದು ಎಚ್ಚರಿಕೆ. ಯಾರಾದರೂ ಗೆಳೆಯರು ಉಬುಂಟು ತುಂಬಿದ ಪೆನ್‌ಡ್ರೈವ್ ತಂದು, "ಹಾರ್ಡ್‌ಡಿಸ್ಕ್ ಮುಟ್ಟೂದಿಲ್ಲ, ಸುಮ್ಮನ ಇದರಿಂದನ ಓಡಿಸಿ ನೋಡು, ಬ್ಯಾಡಂದ್ರ ತಗದಿಡು" ಎಂದಾರು. ಅವರು ಹೇಳುವುದು ನಿಜ. ಹಾಗೆ ನೋಡಬಹುದು, ದುಡ್ಡೂ ಬೀಳುವುದಿಲ್ಲ. ಆದ್ದರಿಂದಲೇ ನೋಡಬೇಡಿ. ಹಳೆಯ ಲ್ಯಾಪ್‌ಟಾಪ್ ಚುರುಕಾಗಿಬಿಟ್ಟರೆ ಆರು ತಿಂಗಳಿಗೊಮ್ಮೆ ಫಾರ್ಮ್ಯಾಟ್ ಮಾಡಿಸಲು ಯಾರೂ ಬರುವುದಿಲ್ಲ. ಅಂಗಡಿಯವರಿಗೂ ಹೆಂಡತಿ ಮಕ್ಕಳಿದ್ದಾರೆ.